ಒಂಬತ್ತನೇ ನಂಬರ್ ಮನೆಯ ಪಾದ

ತಪ್ಪು ಫಾರ್ಮಿನ ಮೊದಲ ಸಾಲಿನಲ್ಲೇ ಇತ್ತು. ಊಟದ ಮೇಜು ಒರೆಸಲು ಬಂದ ಮಿಲ್ಲತ್ತೆ, ಕಾಗದ ಒದ್ದೆಯಾದೀತೆಂದು ಎತ್ತಿ ಹಿಡಿದಾಗ ಕಣ್ಣಿಗೆ ಬಿತ್ತು. 'ಮನೆ ನಂಬರ್: ಒಂಬತ್ತು. ಮನೆಯಲ್ಲಿರುವ ಜನ: ನಾಲ್ಕು.' ಅದರ ಕೆಳಗೆ ಕರೆಂಟು, ನೀರು, ಗ್ಯಾಸು, ಕಸ, ಗಾಡಿ ಎಂದು ಉದ್ದದ ಪಟ್ಟಿ. ಬರವಣಿಗೆ ತಮ್ಮನ ಮಗಳದು. ದುಂಡಗಿನ ಅಕ್ಷರ, ಎಲ್ಲೂ ಒಂದು ಚಿತ್ತು ಇಲ್ಲ.

ತಮ್ಮ, ತಮ್ಮನ ಹೆಂಡತಿ, ಅವರ ಮಗ, ಮಗಳು. ಅಲ್ಲಿಗೆ ನಾಲ್ಕಾಯಿತು. ಮಿಲ್ಲತ್ತೆ ಐದನೆಯವಳು. ಬರೆಯುವ ಆತುರದಲ್ಲಿ ಹುಡುಗಿಗೆ ಮರೆತಿರಬೇಕು, ಯಾರಾದರೂ ನೋಡಿ ಹೇಳುತ್ತಾರೆ ಎಂದುಕೊಂಡು ಅವಳು ಮೇಜು ಒಣಗಿದ ಮೇಲೆ ಕಾಗದವನ್ನು ಇದ್ದ ಜಾಗದಲ್ಲೇ ಇಟ್ಟಳು.

ಮಿಲ್ಲತ್ತೆ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂವತ್ತನಾಲ್ಕು ವರ್ಷ ಅವಳು ನೂಲಿನ ಮಿಲ್ಲಿನಲ್ಲಿ ದುಡಿದಿದ್ದಳು. ಸಾಲುಸಾಲಾಗಿ ತಿರುಗುವ ಕದಿರುಗಳ ನಡುವೆ ಓಡಾಡುತ್ತ, ತುಂಡಾದ ಎಳೆಯನ್ನು ಹಿಡಿದು ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದು ಅವಳ ಕೆಲಸ. ಅಲ್ಲಿನ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳದು. ಹಾಗಾಗಿ ಹೆಂಗಸರೆಲ್ಲ ದನಿ ತೆಗೆಯದೆ ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು. ಯಾರ ಸೊಸೆ ಏನಂದಳು, ಯಾರ ಗಂಡ ಎಷ್ಟು ಹೊತ್ತಿಗೆ ಮನೆಗೆ ಬಂದ, ಇವೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಮಿಷದಲ್ಲಿ ತಲುಪುತ್ತಿದ್ದವು. ಮಿಲ್ಲಿನ ಹೊರಗೆ ಇದು ತಿರುಗುಮುರುಗು. ದನಿ ತೆಗೆದರೆ ಅವಳದು ಬೀದಿಗೆಲ್ಲ ಕೇಳುವ ದನಿ. "ಮೆಲ್ಲಗೆ ಮಾತಾಡಕ್ಕ" ಎಂದು ತಮ್ಮ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ.

ಆರು ತಿಂಗಳ ಹಿಂದೆ ಮಿಲ್ಲು ಮುಚ್ಚಿತು. ಅದರ ಜೊತೆಗೆ ಕೆಲಸಗಾರರ ವಸತಿಯೂ ಹೋಯಿತು. ಮದುವೆಯಾಗದ ಅಕ್ಕ ಎಲ್ಲಿಗೆ ಹೋದಾಳು ಎಂದು ತಮ್ಮ ವ್ಯಾನು ತೆಗೆದುಕೊಂಡು ಬಂದ. "ಬೇರೆ ಏನಾದ್ರೂ ಏರ್ಪಾಡಾಗೋ ತನಕ ನಮ್ಮಲ್ಲಿರು" ಎಂದ. ಒಂದು ಪೆಟ್ಟಿಗೆ ಮೆಟ್ಟಿಲ ಕೆಳಗೆ ಸೇರಿತು. ಮುಂದಿನ ಕೋಣೆಯ ಸೋಫಾ ಅವಳ ಹಾಸಿಗೆಯಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹೊದಿಕೆ ಮಡಿಸಿ ಪೆಟ್ಟಿಗೆಗೆ ಹಾಕಿಬಿಟ್ಟರೆ, ಅಲ್ಲಿ ಒಬ್ಬರು ಮಲಗಿದ್ದರೆಂದು ಹೇಳುವಂತಿರಲಿಲ್ಲ. ಆ ಏರ್ಪಾಡಿನ ಕಾಗದವೂ ಮನೆಗೆ ಬಂದಿತ್ತು. ದುಡಿದು ವಯಸ್ಸಾದ ಹೆಂಗಸರ ವಸತಿಗೃಹದ ಅರ್ಜಿ ಅದು. ಫ್ರಿಜ್ಜಿನ ಮೇಲೆ, ತಮ್ಮನ ಅರ್ಧ ಕಿಲೋ ತೂಕದ ಕಲ್ಲಿನ ಅಡಿಯಲ್ಲಿ, ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ತುಂಬಿಸು ಎಂದು ತಮ್ಮ ಬಾಯಿಬಿಟ್ಟು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಆ ಸಂಜೆ ಅನ್ನ, ಬೇಳೆ, ಹುರಿದ ಆಲೂಗಡ್ಡೆಯ ಊಟಕ್ಕೆ ಎಲ್ಲರೂ ಕೂತಾಗ ಮಗಳು ಫಾರ್ಮನ್ನು ಅಪ್ಪನ ಮುಂದೆ ಹಿಡಿದಳು.

"ಅಪ್ಪ, ಸೈನ್ ಮಾಡು. ನಾಳೆ ಮೇಷ್ಟ್ರಿಗೆ ಕೊಡ್ಬೇಕು."

"ಏನಿದು?"

"ನಮ್ಮ ಕ್ಲಾಸಿನ ಆರು ಜನ ಸೇರಿ ನಮ್ಮ ಬೀದೀದು ಲೆಕ್ಕ ಹಾಕ್ತಿದ್ದೀವಿ. ಒಂದೊಂದು ಮನೆಯಿಂದ ಭೂಮಿಗೆ ಎಷ್ಟು ಭಾರ ಬೀಳುತ್ತೆ ಅಂತ. ಭೂಗೋಳದ ಮೇಷ್ಟ್ರು ಅದಕ್ಕೆ ಮನೆಯ ಹೆಜ್ಜೆ ಅಂತಾರೆ. ಕರೆಂಟು, ನೀರು, ಕಸ ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸೋದು, ಮನೇಲಿರೋ ಜನದಿಂದ ಭಾಗಿಸೋದು. ಎರಡು ತಿಂಗಳಲ್ಲಿ ಹದಿನಾರು ಮನೇದೂ ಇಳಿಸ್ಬೇಕು."

ತಮ್ಮ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವವನು. ಹತ್ತು ಗ್ರಾಮಿನ ಮೋಸವನ್ನೂ ಕಣ್ಣಳತೆಯಲ್ಲೇ ಹಿಡಿಯುತ್ತಾನೆಂದು ಊರಿನ ವ್ಯಾಪಾರಿಗಳೆಲ್ಲ ಅವನನ್ನು ಕಂಡರೆ ನೆಟ್ಟಗಾಗುತ್ತಿದ್ದರು. ಅವನು ಕೈ ಒರೆಸಿಕೊಂಡು, ಕನ್ನಡಕ ಹಾಕಿ, ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ.

"ನೀರಿನ ಮೀಟರಿನ ಏಳು ಒಂದರ ಹಾಗೆ ಕಾಣುತ್ತೆ. ಸರಿಯಾಗಿ ತಿದ್ದು" ಎಂದು ಹೇಳಿ ಸಹಿ ಹಾಕಿದ.

ಕಾಗದ ಹೆಂಡತಿಯ ಕೈಗೆ ಹೋಯಿತು. ಅವಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನವಿಡೀ ನಿಂತು ಚೀಟಿ ಓದುವವಳು, ಎಂಥ ಡಾಕ್ಟರ ಅಕ್ಷರವೂ ಅವಳಿಗೆ ಸಲೀಸು. "ಗ್ಯಾಸು ಎರಡು ತಿಂಗಳಿಗೆ ಒಂದು ಅಂತ ಹಾಕು, ಒಂದೂವರೆ ಅಲ್ಲ" ಎಂದಳು. ಲಿಫ್ಟ್ ರಿಪೇರಿ ಕಂಪನಿಗೆ ಹೊಸದಾಗಿ ಸೇರಿದ್ದ ಮಗ ಇಣುಕಿ ನೋಡಿ, "ಬೈಕು ಒಂದೇ ಅಂತ ಬರ್ದಿದ್ದೀಯ, ಒಳ್ಳೇದಾಯ್ತು" ಎಂದು ನಕ್ಕ. ಕೊನೆಗೆ ಅದು ಮಿಲ್ಲತ್ತೆಯ ಕೈಗೆ ಬಂತು.

"ಅತ್ತೆ, ಅದನ್ನ ಬೇಳೆ ತಾಗದ ಹಾಗೆ ಆ ಕಡೆ ಇಡು" ಎಂದಳು ಮಗಳು.

ಮಿಲ್ಲತ್ತೆ ಆ ಕಡೆ ಇಟ್ಟಳು. ಅವಳು ಹೇಳಬಹುದಿತ್ತು. ನಾಲ್ಕಲ್ಲ ಕಣೆ, ಐದು ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿದ ಮೇಲೆ ತಮ್ಮ ಒಂದು ಗಳಿಗೆ ಯೋಚಿಸಿ, 'ಅಕ್ಕ ಹೇಗೂ ಸ್ವಲ್ಪ ದಿನಕ್ಕೆ ಇರೋದು' ಎಂದುಬಿಟ್ಟರೆ? ಆ ಮಾತು ಕೇಳಿದ ಮೇಲೆ ಆ ಸೋಫಾದಲ್ಲಿ ಮಲಗುವುದು ಅವಳಿಂದ ಆಗುತ್ತಿರಲಿಲ್ಲ. ಅವರಾಗಿಯೇ ನೋಡಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಳು.

ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮನೆಯಲ್ಲಿ ಅವಳಿಗೆ ಇದ್ದ ಜೊತೆಯೆಂದರೆ ಅದೊಂದೇ. ಬಂದ ಹೊಸದರಲ್ಲಿ ಸ್ಕೂಲಿಂದ ಬಂದವಳೇ ಪಕ್ಕದಲ್ಲಿ ಕೂತು, "ಅತ್ತೆ, ತುಟಿಮಾತು ಹೇಳ್ಕೊಡು" ಎಂದು ಗಂಟುಬಿದ್ದು ಕಲಿತಿದ್ದಳು. ಊಟದ ಮೇಜಿನ ಆ ತುದಿಯಿಂದ ದನಿಯಿಲ್ಲದೆ 'ಅಣ್ಣನ ಮೂಗಿನ ಮೇಲೆ ಅನ್ನ' ಎಂದರೆ, ಈ ತುದಿಯಲ್ಲಿ ಮಿಲ್ಲತ್ತೆ ನಗು ತಡೆಯಲಾರದೆ ಕೆಮ್ಮುತ್ತಿದ್ದಳು. ಈಗ ಹುಡುಗಿಯ ಕೈಗೆ ಕಸ ತೂಗುವ ಸ್ಪ್ರಿಂಗ್ ತಕ್ಕಡಿ ಬಂದಿತ್ತು, ಕಂಕುಳಲ್ಲಿ ರಿಜಿಸ್ಟರು. ಸಂಜೆ ಹದಿನಾರು ಮನೆ ಸುತ್ತಿ ಬರುವಷ್ಟರಲ್ಲಿ ಊಟದ ಹೊತ್ತು. ಊಟದಲ್ಲೂ ಅದೇ ಮಾತು.

"ಅಮ್ಮ, ಬ್ರೆಡ್ಡಿನ ತುದಿ ಎಸೀಬೇಡ, ನಲವತ್ತು ಗ್ರಾಂ ಆಗುತ್ತೆ."

"ನಿನ್ನ ಗ್ರಾಮು ನೀನೇ ತಿನ್ನು. ಕಾಲು ನೋಯ್ತಿದೆ ನಂಗೆ."

ಹಗಲು ಬೇರೆಯೇ ಕಥೆ. ಎಂಟಕ್ಕೆ ಮಗ, ಎಂಟೂವರೆಗೆ ಮಗಳು, ಒಂಬತ್ತಕ್ಕೆ ಗಂಡ, ಹಿಂದೆಯೇ ಹೆಂಡತಿ. ಬಾಗಿಲು ನಾಲ್ಕನೇ ಸಲ ಮುಚ್ಚಿದ ಮೇಲೆ ಮನೆ ಸುಮ್ಮನಾಗುತ್ತಿತ್ತು. ಆ ಸುಮ್ಮನಿರುವಿಕೆ ಮಿಲ್ಲತ್ತೆಗೆ ಆಗಿಬರಲಿಲ್ಲ. ಮೂವತ್ತನಾಲ್ಕು ವರ್ಷ ಸದ್ದಿನೊಳಗೆ ನಿಂತ ಕಿವಿ. ಸದ್ದು ನಿಂತರೆ ಮಿಲ್ಲಿನಲ್ಲಿ ಅದಕ್ಕೆ ಒಂದೇ ಅರ್ಥವಿತ್ತು, ಏನೋ ಕೆಟ್ಟಿದೆ, ಯಾರಿಗೋ ಪೆಟ್ಟಾಗಿದೆ. ಮನೆಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಎದೆ ಕಾರಣವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಟಿವಿ ಹಾಕಿ ನೋಡಿದಳು, ಅದರಲ್ಲಿ ಯಾರು ಯಾರೋ ಜಗಳವಾಡುತ್ತಿದ್ದರು. ಒಂದು ದಿನ ತನ್ನ ಬಟ್ಟೆ ಒಗೆಯಲು ವಾಷಿಂಗ್ ಮಿಷನ್ನಿಗೆ ಹಾಕಿದಾಗ ಅದರ ಗುಂಯ್ ಎನ್ನುವ ಸದ್ದು, ಕಾಲಡಿಗೆ ಬರುವ ಸಣ್ಣ ನಡುಕ, ಎಲ್ಲ ಪರಿಚಯದ್ದು ಅನ್ನಿಸಿತು. ಎದೆ ತಣ್ಣಗಾಯಿತು. ಅಂದಿನಿಂದ ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದು ರೂಢಿಯಾಯಿತು. ಮನೆಯವರ ಬಟ್ಟೆಯನ್ನು ತಮ್ಮನ ಹೆಂಡತಿ ಭಾನುವಾರ ಹಾಕುತ್ತಿದ್ದಳು. ಮಿಲ್ಲತ್ತೆಯದು ಬೇರೆ. ಯಾರೂ ಹಾಗೆಂದು ಹೇಳಿರಲಿಲ್ಲ, ಮೊದಲ ವಾರ ಅವಳೇ ಸಂಕೋಚಪಟ್ಟುಕೊಂಡು ಬೇರೆ ಹಾಕಿದ್ದಳು, ಅದು ಹಾಗೇ ಉಳಿಯಿತು. ಅವಳ ಒಂದು ಜೊತೆ ಬಟ್ಟೆಗೆ ಮಿಷನ್ನು ದಿನಕ್ಕೆ ಎಷ್ಟು ಹೊತ್ತು ಓಡೀತು? ಎರಡನೇ ಸಲ ಒಂದು ಟವೆಲು ಹಾಕುತ್ತಿದ್ದಳು.

ಎರಡು ವಾರಕ್ಕೆ ಮೊದಲ ಅಂಕ ಬಂತು. ವಿದ್ಯಾರ್ಥಿಗಳು ಬೀದಿ ತುದಿಯ ದಿನಸಿ ಅಂಗಡಿಯ ಗೋಡೆಗೆ ದೊಡ್ಡ ಚಾರ್ಟು ಅಂಟಿಸಿದರು. ಅಷ್ಟಕ್ಕೇ ಬಿಡದೆ, ಹಳೇ ರಟ್ಟಿನಲ್ಲಿ ಪಾದ ಕತ್ತರಿಸಿ ಪ್ರತಿ ಮನೆಯ ಬಾಗಿಲಿಗೂ ತೂಗುಹಾಕಿದರು. ಅಂಕ ಹೆಚ್ಚಿದಷ್ಟೂ ಪಾದ ದೊಡ್ಡದು. ಮೂರನೇ ನಂಬರಿನ ಟೈಲರನ ಬಾಗಿಲಲ್ಲಿ ಮಗುವಿನ ಪಾದದಷ್ಟು. ಸೈಕಲ್ ಅಂಗಡಿಯವನ ಬಾಗಿಲಲ್ಲಿ ಒಂದು ಮೊಳ. ಎಲ್ಲಕ್ಕಿಂತ ದೊಡ್ಡದು, ಟೀ ತಟ್ಟೆಯಷ್ಟು ಅಗಲದ ಹಿಮ್ಮಡಿಯ ಪಾದ, ಒಂಬತ್ತನೇ ನಂಬರ್ ಮನೆಯದು. ಒಟ್ಟು ಅರವತ್ತು, ತಲೆಗೆ ಹದಿನೈದು. ಅದನ್ನು ತೂಗುಹಾಕಿದವಳು ಆ ಮನೆಯ ಮಗಳೇ, ಕಣ್ಣೀರು ನುಂಗಿಕೊಂಡು.

"ಬೀದಿಗೆಲ್ಲ ಪಾಠ ಹೇಳೋಳ ಮನೇದೇ ಆನೆಕಾಲು ಅಂತ ಸೈಕಲ್ ಅಂಗಡಿಯವ್ನು ನಗ್ತಿದ್ದಾನೆ" ಎಂದಳು ಊಟಕ್ಕೆ ಕೂತಾಗ.

"ಲೆಕ್ಕ ತಪ್ಪಿರ್ಬೇಕು, ತಾ ಇಲ್ಲಿ" ಎಂದ ತಮ್ಮ.

ಕ್ಯಾಲ್ಕುಲೇಟರು ಬಂತು. ಅವನು ಮೇಲಿಂದ ಕೆಳಕ್ಕೆ ಒಂದು ಸಲ ಕೂಡಿಸಿದ, ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ. ಮಿಲ್ಲತ್ತೆ ತಟ್ಟೆಯಲ್ಲಿ ಬೆರಳಾಡಿಸುತ್ತ ಅವನ ಬೆರಳನ್ನೇ ನೋಡುತ್ತಿದ್ದಳು.

"ಅರವತ್ತೇ. ಭಾಗಿಸು ನಾಲ್ಕು. ಹದಿನೈದು. ಸರಿಯಾಗೇ ಇದೆ."

"ಇನ್ನೊಂದ್ಸಲ ನೋಡೋ" ಎಂದಳು ಮಿಲ್ಲತ್ತೆ. ಅವಳಿಗೇ ಗೊತ್ತಿಲ್ಲದೆ ಮಾತು ಹೊರಗೆ ಬಂದಿತ್ತು.

"ಮೆಲ್ಲಗಕ್ಕ. ಇನ್ನೊಂದ್ಸಲ ನೋಡಿದ್ರೆ ನಾಲ್ಕು ಐದಾಗುತ್ತಾ?" ಎಂದ ತಮ್ಮ, ಕ್ಯಾಲ್ಕುಲೇಟರು ಮುಚ್ಚುತ್ತ.

ಆಮೇಲೆ ಮನೆಯಲ್ಲಿ ತನಿಖೆ ಶುರುವಾಯಿತು. ಮಗ ಬಿಸಿನೀರಿನಲ್ಲಿ ಅರ್ಧ ಗಂಟೆ ನಿಲ್ಲುತ್ತಾನೆಂದು ಅಮ್ಮ ಬೈದಳು. ಅಮ್ಮ ಇಸ್ತ್ರಿ ಪೆಟ್ಟಿಗೆ ಆರಿಸದೆ ಹೋಗುತ್ತಾಳೆಂದು ಮಗ ತಿರುಗಿಬಿದ್ದ. ಪ್ಲಂಬರು ಬಂದು ನಲ್ಲಿಗಳನ್ನೆಲ್ಲ ತಟ್ಟಿ ನೋಡಿ, ಎಲ್ಲೂ ಸೋರುತ್ತಿಲ್ಲ ಎಂದು ಹೇಳಿ ಹೋದ. ತಮ್ಮ ಮೀಟರಿನ ಮೇಲೇ ಅನುಮಾನಪಟ್ಟ. ಮಿಲ್ಲತ್ತೆಯನ್ನು ಯಾರೂ ಏನೂ ಕೇಳಲಿಲ್ಲ. ಬೈಗುಳದಲ್ಲೂ ಅವಳ ಪಾಲಿರಲಿಲ್ಲ.

ಮೂರನೇ ವಾರ ಒಂದು ಬುಧವಾರ, ಸ್ಕೂಲಿಗೆ ಅರ್ಧ ದಿನ ರಜೆ. ಹಗಲಿನ ಮೀಟರು ಓದಬೇಕೆಂದು ಹುಡುಗಿ ಹನ್ನೊಂದೂವರೆಗೆ ಮನೆಗೆ ಬಂದಳು. ಹಿಂದಿನ ಬಚ್ಚಲಲ್ಲಿ ಮಿಷನ್ನು ತಿರುಗುತ್ತಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅತ್ತೆ, ಒಂದು ಕೈ ಮಿಷನ್ನಿನ ಮುಚ್ಚಳದ ಮೇಲಿಟ್ಟುಕೊಂಡು, ದನಿಯಿಲ್ಲದೆ ತುಟಿಯಾಡಿಸುತ್ತಿದ್ದಳು. ಎದುರಿಗೆ ಯಾರೂ ಇರಲಿಲ್ಲ.

ಹುಡುಗಿ ಗುಂಡಿ ಒತ್ತಿ ನಿಲ್ಲಿಸಿದಳು. ಮುಚ್ಚಳ ತೆಗೆದಳು. ಒಳಗೆ ನೀಲಿ ಟವೆಲು ಒಂದೇ.

"ಅತ್ತೆ, ಇದೊಂದಕ್ಕೆ ಮಿಷನ್ನಾ?"

ಮಿಲ್ಲತ್ತೆ ಎದ್ದು ನಿಂತಳು. "ಸದ್ದಿಗೆ ಹಾಕ್ಕೊಂಡೆ ಮರಿ."

"ಸದ್ದಿಗಾ?"

"ನೀವೆಲ್ಲ ಹೋದ್ಮೇಲೆ ತುಂಬಾ ಸುಮ್ಮನಾಗ್ಬಿಡುತ್ತೆ. ತಲೆ ಕೆಟ್ಟ ಹಾಗಾಗುತ್ತೆ ನಂಗೆ. ದಿನಾ ಎರಡು ಸಲ ಹಾಕ್ಕೋತೀನಿ."

ಹದಿನೈದು ವರ್ಷದ ಹುಡುಗಿ. ಅಂಕ ಬಂದಾಗಿನಿಂದ ಬೀದಿಯವರ ನಗು ತಿಂದಿದ್ದಳು. "ಒಂದ್ಸಲಕ್ಕೆ ಐದು ಬಕೆಟ್ ನೀರು ಗೊತ್ತಾ ಅತ್ತೆ? ದಿನಾ ಎರಡು ಸಲ ಅಂದ್ರೆ ಹತ್ತು ಬಕೆಟ್. ನಾನು ಮನೆ ಮನೆಗೆ ಹೋಗಿ ಒಂದೊಂದು ಚೊಂಬಿಗೂ ಜನರ ಹತ್ರ ಬೈಸ್ಕೊಂಡು ಬರ್ತೀನಿ. ನೀನು ಸದ್ದಿಗೆ ಅಂತೀಯ" ಎಂದು ಹೇಳುತ್ತ ಅವಳಿಗೆ ಅಳುವೇ ಬಂತು.

"ತಪ್ಪಾಯ್ತು ಬಿಡು" ಎಂದಳು ಮಿಲ್ಲತ್ತೆ. ಟವೆಲನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು.

ಸಂಜೆ ಎಲ್ಲರಿಗೂ ಗೊತ್ತಾಯಿತು. ಯಾರೂ ದೊಡ್ಡ ದನಿ ತೆಗೆಯಲಿಲ್ಲ. "ಮೊದ್ಲೇ ಹೇಳಿದ್ರೆ ಪ್ಲಂಬರ್‌ನ ಕರೆಸೋದು ತಪ್ತಿತ್ತಲ್ಲಕ್ಕ" ಎಂದಷ್ಟೇ ಹೇಳಿದ ತಮ್ಮ. ಊಟವಾದ ಮೇಲೆ ಗಂಡ ಹೆಂಡತಿ ಅಡುಗೆಮನೆಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಮಾತು ಹೊರಗೆ ಕೇಳಬಾರದೆಂದು ಎಳೆದುಕೊಂಡದ್ದು. ಆದರೆ ಗಾಜಿನೊಳಗಿಂದ ತುಟಿ ಕಾಣುತ್ತಿತ್ತು, ಮಿಲ್ಲತ್ತೆಗೆ ಅಷ್ಟೇ ಸಾಕು. ನೋಡಬಾರದೆಂದು ಮುಖ ತಿರುಗಿಸುವಷ್ಟರಲ್ಲಿ ತಮ್ಮನ ಹೆಂಡತಿಯ ಮಾತು ಮುಗಿದಿತ್ತು. 'ಆ ಫಾರ್ಮು ತುಂಬಿಸೋಕೆ ನೀವಾದ್ರೂ ಹೇಳಿ. ಅವ್ರಿಗೂ ಇಲ್ಲಿ ಸುಖ ಇಲ್ಲ.' ತಮ್ಮ ಬೆನ್ನು ಮಾಡಿ ನಿಂತಿದ್ದ. ಅವನು ಏನು ಉತ್ತರ ಕೊಟ್ಟನೆಂದು ಅವಳಿಗೆ ಕಾಣಲಿಲ್ಲ. ಆ ಉತ್ತರಕ್ಕಾಗಿ ಅವಳು ಆಮೇಲೆ ಎಷ್ಟೋ ದಿನ ಅವನ ಮುಖ ನೋಡಿದಳು.

ಮಾರನೇ ದಿನದಿಂದ ಮಿಲ್ಲತ್ತೆ ಮಿಷನ್ನಿನ ಹತ್ತಿರ ಸುಳಿಯಲಿಲ್ಲ. ತನ್ನ ಬಟ್ಟೆಯನ್ನು ಒಂದು ಬಕೆಟ್ಟಿನಲ್ಲಿ ಕೈಯಲ್ಲೇ ಒಗೆದು, ಅದೇ ನೀರನ್ನು ಹಿತ್ತಲ ಗಿಡಕ್ಕೆ ಹಾಕಿದಳು. ಸ್ನಾನಕ್ಕೆ ಅರ್ಧ ಬಕೆಟ್ ತಣ್ಣೀರು. ಹಗಲು ಫ್ಯಾನು ಬೇಡ, ಟಿವಿ ಬೇಡ. ಬೆಳಗಿನ ಅನ್ನವನ್ನೇ ಮಧ್ಯಾಹ್ನ ಬಿಸಿ ಮಾಡದೆ ತಿಂದಳು. ಸಂಜೆ ಕತ್ತಲಾದರೂ ಯಾರಾದರೊಬ್ಬರು ಬಾಗಿಲು ತೆಗೆಯುವ ತನಕ ದೀಪ ಹಾಕದೆ ಸೋಫಾದ ತುದಿಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ತಮ್ಮನ ಹೆಂಡತಿ ಸ್ವಿಚ್ಚು ಒತ್ತಿ, ಅವಳನ್ನು ಕಂಡು ಬೆಚ್ಚಿಬಿದ್ದಳು.

"ಅಯ್ಯೋ, ಅತ್ತಿಗೆ. ಯಾರೂ ಇಲ್ಲ ಅಂದ್ಕೊಂಡೆ. ದೀಪ ಹಾಕ್ಕೊಳ್ಳೋದಲ್ವಾ?"

"ಕಣ್ಣು ಕಾಣ್ತಿತ್ತಮ್ಮ, ಬೇಕಾಗಿರ್ಲಿಲ್ಲ" ಎಂದಳು ಮಿಲ್ಲತ್ತೆ.

ಹುಡುಗಿಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತೋ ಏನೋ. ಐದನೇ ವಾರ ಒಂದು ಮೂಟೆ ಹಳೇ ಬಟ್ಟೆ ಹೊತ್ತು ತಂದಳು.

"ಅತ್ತೆ, ಬೀದಿಯಲ್ಲಿ ಪ್ಲಾಸ್ಟಿಕ್ ಕವರು ನಿಲ್ಸ್ಬೇಕು ಅಂತ ಮಾಡಿದ್ದೀವಿ. ತಲೆಗೊಂದು ಬಟ್ಟೆ ಚೀಲ. ನಿಂಗೆ ಹೊಲಿಗೆ ಚೆನ್ನಾಗಿ ಬರುತ್ತಲ್ಲ, ಹೊಲ್ಕೊಡ್ತೀಯಾ? ಕೈಹೊಲಿಗೆ ಆದ್ರೆ ಇನ್ನೂ ಒಳ್ಳೇದು, ಕರೆಂಟು ಬೇಡ."

"ಎಷ್ಟು ಬೇಕು?"

"ಅರವತ್ಮೂರು. ಇಲ್ಲಿದೆ ನೋಡು ಪಟ್ಟಿ. ಯಾವ ಮನೇಲಿ ಎಷ್ಟು ಜನ ಅಂತ ಬರ್ದಿದ್ದೀನಿ. ಒಂದೊಂದರ ಮೇಲೂ ಮನೆ ನಂಬರ್ ದಾರದಲ್ಲಿ ಹೊಲೀಬೇಕು."

ಮಿಲ್ಲತ್ತೆ ಪಟ್ಟಿಯನ್ನು ದೂರ ಹಿಡಿದು ಓದಿದಳು. ಎಂಟು, ಆರು ಜನ. ಒಂಬತ್ತು, ನಾಲ್ಕು ಜನ. ಹತ್ತು, ಮೂರು ಜನ.

"ಸರಿಯಾಗಿ ಬರ್ದಿದ್ದೀಯ ತಾನೇ ಮರಿ? ಒಂದ್ಸಲ ನೋಡ್ಕೋ."

"ನೋಡಿದ್ದೀನತ್ತೆ. ಮೂರು ಸಲ ಚೆಕ್ ಮಾಡಿದೆ" ಎಂದು ಹೇಳಿ ಹುಡುಗಿ ತಕ್ಕಡಿ ತೆಗೆದುಕೊಂಡು ಓಡಿದಳು.

ದಿನಕ್ಕೆ ಮೂರು ಚೀಲದಂತೆ ಹೊಲಿದಳು. ಕಿಟಕಿಯ ಬಳಿ ಬೆಳಕಿದ್ದಷ್ಟು ಹೊತ್ತು ಸೂಜಿ ಆಡುತ್ತಿತ್ತು. ತುಂಡಾದ ಎಳೆಯನ್ನು ಗಂಟು ಕಾಣದ ಹಾಗೆ ಕೂಡಿಸುವ ಕೈ ಅದು. ಟೈಲರನೇ ಬಂದು ಒಂದು ಚೀಲ ತಿರುಗಿಸಿ ನೋಡಿ, "ಇದಕ್ಕೆ ಒಳಗು ಯಾವುದು ಹೊರಗು ಯಾವುದು?" ಎಂದು ಕೇಳಿದ. ಒಂಬತ್ತನೇ ನಂಬರಿನ ನಾಲ್ಕು ಚೀಲವನ್ನು ಅವಳು ಎಲ್ಲಕ್ಕಿಂತ ಒಳ್ಳೆಯ ಬಟ್ಟೆ ಆರಿಸಿ ಹೊಲಿದಳು. ನಾಲ್ಕನೆಯದು ಮುಗಿದಾಗ ಅದೇ ಬಟ್ಟೆ ಇನ್ನೊಂದಕ್ಕೆ ಆಗುವಷ್ಟು ಉಳಿದಿತ್ತು. ಕತ್ತರಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಆ ತುಂಡನ್ನು ಹತ್ತನೇ ನಂಬರಿಗೆ ಬಳಸಿದಳು.

ಚೀಲಗಳೆಲ್ಲ ಮುಗಿದ ದಿನ ಅವಳು ಫ್ರಿಜ್ಜಿನ ಮೇಲಿನ ತೂಕದ ಕಲ್ಲೆತ್ತಿ ವಸತಿಗೃಹದ ಅರ್ಜಿ ತೆಗೆದಳು. ಮೇಜಿನ ಮೇಲಿಟ್ಟು, ತಮ್ಮನ ಮಗಳ ಪೆನ್ನಿನಲ್ಲಿ ತುಂಬಿಸಿದಳು. ವಯಸ್ಸು, ಕೆಲಸ ಮಾಡಿದ ಜಾಗ, ಕಾಯಿಲೆ ಏನಾದರೂ ಇದೆಯೇ. 'ಸದ್ಯ ಯಾರೊಂದಿಗೆ ವಾಸ?' ಎಂಬ ಕಡೆ ಪೆನ್ನು ನಿಂತಿತು. ನಿಧಾನವಾಗಿ 'ಒಬ್ಬಳೇ' ಎಂದು ಬರೆದು, ಸಹಿ ಹಾಕಿ, ಮತ್ತೆ ಕಲ್ಲಿನಡಿ ಇಟ್ಟಳು. ಅಳು ಬಂತು. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ತಡೆದುಕೊಳ್ಳಲಿಲ್ಲ.

ಎಂಟನೇ ವಾರದ ಭಾನುವಾರ ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ ಬೀದಿಯ ಜನ ಸೇರಿದರು. ಭೂಗೋಳದ ಮೇಷ್ಟ್ರು ಸೈಕಲ್ಲಿನಲ್ಲಿ ಬಂದಿದ್ದರು, ಕಾಲರೆಲ್ಲ ಬೆವರು. ಬೀದಿಯ ಕಸ ಅರ್ಧಕ್ಕಿಳಿದಿದೆ ಎಂದರು. ಆಮೇಲೆ ಚಾರ್ಟಿನ ಕಡೆ ಕೋಲು ತೋರಿಸಿ, "ಎಲ್ಲಕ್ಕಿಂತ ಹೆಚ್ಚು ಇಳಿಸಿದ ಮನೆ ಒಂಬತ್ತು. ಅರವತ್ತರಿಂದ ಮೂವತ್ತಾರಕ್ಕೆ. ತಲೆಗೆ ಹದಿನೈದಿದ್ದದ್ದು ಒಂಬತ್ತಾಗಿದೆ. ಇವರನ್ನ ನೋಡಿ ಕಲೀಬೇಕು" ಎಂದರು. ಚಪ್ಪಾಳೆ ಬಿತ್ತು. ಸೈಕಲ್ ಅಂಗಡಿಯವನೂ ತಟ್ಟಿದ.

ಮಿಲ್ಲತ್ತೆ ಗುಂಪಿನ ಹಿಂದೆ, ಅಂಗಡಿಯ ಮೂಟೆಗಳ ಪಕ್ಕ ನಿಂತಿದ್ದಳು. ತಾನು ನೀರು ಮುಟ್ಟದೆ, ದೀಪ ಹಾಕದೆ ಇದ್ದ ಮೇಲೆ ಆ ನಾಲ್ಕು ಈಗ ಸರಿಯಾದ ಲೆಕ್ಕವೇ ಆಯಿತಲ್ಲ ಎನ್ನಿಸಿತು ಅವಳಿಗೆ.

ಮಕ್ಕಳು ಮನೆ ಮನೆಗೆ ಚೀಲ ಹಂಚಿದರು. ಒಂಬತ್ತನೇ ನಂಬರಿನ ಕಟ್ಟನ್ನು ಹುಡುಗಿಯೇ ತಂದಳು. ಅಪ್ಪನಿಗೊಂದು, ಅಮ್ಮನಿಗೊಂದು, ಅಣ್ಣನಿಗೊಂದು ಕೊಟ್ಟಳು. ಒಂದನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಕೈ ಖಾಲಿಯಾದದ್ದನ್ನು ನೋಡಿ, ಕಟ್ಟಿದ್ದ ದಾರವನ್ನೂ ನೋಡಿ, ಸುತ್ತ ನೆಲ ಹುಡುಕಿ, ಮೂಟೆಗಳ ಹತ್ತಿರ ಬಂದಳು.

"ಅತ್ತೆ, ಒಂದು ಕಡಿಮೆ ಬಂದಿದೆ. ನಿನ್ನದು ಹೊಲ್ಕೊಳ್ಳೋಕೆ ಮರೆತ್ಯಾ?"

"ಕಡಿಮೆ ಇಲ್ಲ ಮರಿ. ಪಟ್ಟಿ ನೋಡ್ಕೊಂಡೇ ಹೊಲಿದೆ."

"ಪಟ್ಟೀಲಿ ಎಷ್ಟಿತ್ತು?"

"ನೀನೇ ಬರ್ದಿದ್ದೀಯಲ್ಲ."

ಮಾತಿನಲ್ಲಿ ಮೊನಚಿರಲಿಲ್ಲ. ಅದಕ್ಕೇ ಹುಡುಗಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವಳು ಚಾರ್ಟಿನ ಮುಂದೆ ಹೋಗಿ ನಿಂತಳು. ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟಳು. ಒಬ್ಬೊಬ್ಬರನ್ನೇ ಎಣಿಸುವುದು ಅವಳ ತುಟಿಯಲ್ಲಿ ಕಾಣುತ್ತಿತ್ತು. ಅಪ್ಪ, ಅಮ್ಮ, ಅಣ್ಣ, ನಾನು. ಅಲ್ಲಿಗೆ ತುಟಿ ನಿಂತುಹೋಯಿತು.

ಅವಳ ಅಪ್ಪ ಹಿಂದಿನಿಂದ ಬಂದು, "ಏನಾಯ್ತೇ?" ಎಂದ.

"ಐದರಿಂದ ಭಾಗಿಸ್ಬೇಕಿತ್ತಪ್ಪ" ಎಂದಳು. "ಮೊದಲ್ನೇ ಸಲ ಹನ್ನೆರಡೇ ಬರ್ಬೇಕಿತ್ತು. ನಮ್ಮದು ದೊಡ್ಡ ಪಾದ ಆಗಿರಲೇ ಇಲ್ಲ. ಸೈಕಲ್ ಅಂಗಡೀದು ಹದಿಮೂರು."

ತೂಕ ಅಳತೆಯ ಇನ್ಸ್‌ಪೆಕ್ಟರು ಆ ಸಾಲಿನ ಮೇಲೆ ತಾನೂ ಬೆರಳಿಟ್ಟು ಓದಿದ. ಕೈಯಲ್ಲಿದ್ದ ಚೀಲವನ್ನು ಮಡಿಸಿದ, ಮತ್ತೆ ಬಿಡಿಸಿದ. ಅಕ್ಕ ನಿಂತಿದ್ದ ಕಡೆ ತಿರುಗಿ ನೋಡಲು ಅವನಿಗೆ ಆಗಲಿಲ್ಲ.

ಆ ಸಂಜೆ ಊಟಕ್ಕೆ ಮೊಟ್ಟೆಯ ಪಲ್ಯವಿತ್ತು, ಬಿಸಿ ಅನ್ನವಿತ್ತು. ಯಾರೂ ಸರಿಯಾಗಿ ಉಣ್ಣಲಿಲ್ಲ. ತಮ್ಮ ನೀರು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದವನು ಕಲ್ಲಿನಡಿಯ ಕಾಗದ ಕೈಗೆತ್ತಿಕೊಂಡು ಬಂದ. ಕನ್ನಡಕ ಹಾಕಿ ಓದುತ್ತ ಹೋದ. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಒಬ್ಬಳೇ ಅಂತ ಬರ್ದಿದ್ದೀಯಲ್ಲಕ್ಕ."

"ಆ ಪಟ್ಟಿಗೆ ಹೊಂದ್ಕೊಳ್ಳೋ ಹಾಗೆ ಬರ್ದೆ ಕಣೋ. ಅಲ್ಲೊಂದು ಲೆಕ್ಕ, ಇಲ್ಲೊಂದು ಲೆಕ್ಕ ಇದ್ರೆ ನಿನ್ನ ಸಹಿಗೆ ಬೆಲೆ ಇರಲ್ಲ."

ಅವನು ತಲೆ ತಗ್ಗಿಸಿದ. "ನಾನು ಮೂರು ಸಲ ನೋಡ್ದೆ. ಮೂರು ಸಲಾನೂ ನಾಲ್ಕೇ ಕಾಣ್ತು ನಂಗೆ."

"ಬಟ್ಟೆ ನೀವು ಬೇರೆ ಹಾಕ್ತಿದ್ರಿ ಅತ್ತಿಗೆ. ಯಾಕೆ ಅಂತ ನಾನೂ ಕೇಳ್ಲಿಲ್ಲ" ಎಂದಳು ಅವನ ಹೆಂಡತಿ, ತಟ್ಟೆಯನ್ನೇ ನೋಡುತ್ತ. "ಮನೆಗೆ ಬರೋ ಹೊತ್ತಿಗೆ ನಂಗೆ ಯಾರ ಮುಖಾನೂ ಕಾಣ್ತಿರ್ಲಿಲ್ಲ, ನಿಜ ಹೇಳ್ಬೇಕಂದ್ರೆ."

ತಮ್ಮ ಕಾಗದ ಹಿಡಿದೇ ಇದ್ದ. "ಇದನ್ನ ಕಳಿಸ್ಬೇಕಾ ಅಕ್ಕ?"

ಹಾಗಲ್ಲ ಕೇಳಬೇಕಾದದ್ದು. ಅದು ಅವನಿಗೂ ಗೊತ್ತಿತ್ತು. ಮಿಲ್ಲತ್ತೆ ಅವನ ತುಟಿಯನ್ನು ನೋಡಿದಳು. ಇನ್ನೊಂದು ಮಾತು ಬಂದೀತೆಂದು ಕಾದಳು. ಅದು ಬರಲಿಲ್ಲ. ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ ಏನೋ ಅಲುಗಿದಂತಾಗಿ ಅತ್ತ ನೋಡಿದಳು. ಹುಡುಗಿ ಕಣ್ಣು ಕೆಂಪು ಮಾಡಿಕೊಂಡು, ದನಿಯಿಲ್ಲದೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದಳು. ಎರಡು ತಿಂಗಳಿಂದ ತುಟಿಮಾತು ಆಡದೆ ತುಟಿ ತಡವರಿಸುತ್ತಿತ್ತು. 'ಹೋಗಬೇಡ ಅತ್ತೆ.'

ಆ ಮಾತು ಕೇಳಿದ್ದು ಮಿಲ್ಲತ್ತೆಯೊಬ್ಬಳಿಗೇ.

"ಇರ್ತೀನಿ ಬಿಡು" ಎಂದಳು ಅವಳು. ಮಿಲ್ಲಿನ ದನಿ ಅದು, ಮನೆಯೆಲ್ಲ ತುಂಬಿ ಬೀದಿಗೂ ಕೇಳಿರಬೇಕು. ಮೆಲ್ಲಗೆ ಮಾತಾಡು ಎಂದು ಯಾರೂ ಹೇಳಲಿಲ್ಲ. ತಮ್ಮ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಸೋಮವಾರ ಎಂಟಕ್ಕೆ ಮಗ ಹೋದ, ಎಂಟೂವರೆಗೆ ಮಗಳು, ಒಂಬತ್ತಕ್ಕೆ ಗಂಡ, ಹಿಂದೆಯೇ ಹೆಂಡತಿ. ಬಾಗಿಲು ನಾಲ್ಕನೇ ಸಲ ಮುಚ್ಚಿತು. ಮನೆ ಎಂದಿನಂತೆ ಸುಮ್ಮನಾಯಿತು. ಎಣಿಕೆ ಸರಿಯಾದ ಮಾತ್ರಕ್ಕೆ ಹನ್ನೊಂದು ಗಂಟೆ ಬೇಗ ಕಳೆಯುವುದಿಲ್ಲ, ಸಂಜೆ ಐದು ಬೇಗ ಬರುವುದೂ ಇಲ್ಲ.

ಬಚ್ಚಲ ಬಾಗಿಲ ಹತ್ತಿರ ಬಟ್ಟೆಯ ಬುಟ್ಟಿ ಇತ್ತು. ಭಾನುವಾರ ತಮ್ಮನ ಹೆಂಡತಿ ಒಗೆಯದೆ ಬಿಟ್ಟಿದ್ದಳು. ಮಿಲ್ಲತ್ತೆ ಒಂದೊಂದೇ ತೆಗೆದು ಮಿಷನ್ನಿಗೆ ಹಾಕಿದಳು. ಮಗನ ಗ್ರೀಸು ಮೆತ್ತಿದ ಪ್ಯಾಂಟು, ಸ್ಕೂಲಿನ ಬಿಳಿ ಅಂಗಿ, ಔಷಧಿ ವಾಸನೆಯ ಕೋಟು, ಇನ್ಸ್‌ಪೆಕ್ಟರ ಶರ್ಟು. ಬುಟ್ಟಿಯ ತಳದಲ್ಲಿ ಅವಳ ಒಂದು ಜೊತೆ ಬಟ್ಟೆ ಇತ್ತು. ಅವಳು ಇಟ್ಟದ್ದಲ್ಲ, ಅವಳ ಬಕೆಟ್ಟಿನಿಂದ ಯಾರೋ ತಂದು ಹಾಕಿದ್ದರು. ಅದನ್ನೂ ಸೇರಿಸಿದಾಗ ಮಿಷನ್ನು ಕಂಠಪೂರ್ತಿ ತುಂಬಿತು.

ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.